ಮೇಲಿನ ಮನೆಯ ಬಿಸಿನೀರು

ಇದು ಶುರುವಾದದ್ದು ನವೆಂಬರ್ ಕೊನೆಯಲ್ಲಿ, ಆ ವರ್ಷದ ಮೊದಲ ಹಿಮ ಕರಗದೆ ನೆಲಕ್ಕೆ ಅಂಟಿಕೊಂಡ ವಾರ. ಮಧ್ಯಾಹ್ನ ನಾಲ್ಕು ದಾಟಿತ್ತು, ಆಗಲೇ ಕತ್ತಲೆ. ಗಿರಣಿ ಕಾಲುವೆಯ ದಂಡೆಯ ದೀಪಗಳು ಹತ್ತಿದ್ದವು. ಕ್ಲೊವಿಸ್ ಮತ್ತು ಅವನ ಇಬ್ಬರು ಅಣ್ಣಂದಿರು ಪಾತ್ರೆ ತೊಳೆಯುವ ಒಂದು ಹಳೆಯ ಮಷೀನಿಗೆ ಹಗ್ಗ ಕಟ್ಟಿ ಹೊರಮೆಟ್ಟಿಲಲ್ಲಿ ಮೇಲಕ್ಕೆ ಹೊರುತ್ತಿದ್ದರು. ಹಿಂದೆ ಕ್ಲೊವಿಸ್‌ನ ಹೆಂಡತಿ ಲೊರೆಟ್, ಮಷೀನಿನ ರಬ್ಬರ್ ಕೊಳವೆ ಹಿಮಕ್ಕೆ ತಾಗದ ಹಾಗೆ ಎರಡು ಕೈಯಲ್ಲೂ ಎತ್ತಿ ಹಿಡಿದು ಹತ್ತುತ್ತಿದ್ದಳು.

ನಮ್ಮದು ಕೆನಡಾದ ಗಡಿಗೆ ತಾಗಿದ ಮೇನ್ ರಾಜ್ಯದ ಲೂಯಿಸ್ಟನ್ನಿನಲ್ಲಿ, ಗಡಿಯಾಚೆಯಿಂದ ಬಂದವರ ಪುಟ್ಟ ಕೆನಡಾ ಅನ್ನುವ ಕೇರಿಯಲ್ಲಿ, ಮೂರು ಅಂತಸ್ತಿನ ಮರದ ಮನೆ. ಕೆಳಗೆ ಮನೆಯ ಒಡತಿ ಎಕ್ಸಿಲ್ಡಾ ಲೆವಾಸೂರ್. ಕೇರಿಯೆಲ್ಲ ಆಕೆಯನ್ನು ಮೆಮೇರ್ ಅನ್ನುತ್ತದೆ, ಅಂದರೆ ಅಜ್ಜಿ. ಮೇಲೆ ಆಕೆಯ ಕಿರಿಯ ಮಗ ಕ್ಲೊವಿಸ್ ಮತ್ತು ಲೊರೆಟ್. ಅವರಿಗೆ ಮಕ್ಕಳಿರಲಿಲ್ಲ. ನಡುವಿನ ಮನೆಯಲ್ಲಿ ನಾನು, ಹೆಂಡತಿ ತೀರಿಕೊಂಡ ಮೇಲೆ ಬಾಡಿಗೆಗೆ ಬಂದವನು. ನನ್ನ ರಾತ್ರಿಯೂಟ ಲೊರೆಟ್‌ಳ ಅಡುಗೆಮನೆಯಲ್ಲಿ. ಮೆಮೇರ್‌ಗೂ ತಟ್ಟೆ ಅಲ್ಲಿಂದಲೇ ಇಳಿದು ಬರುತ್ತಿತ್ತು. ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಬರುವ ಲೆವಾಸೂರ್ ಮಂದಿಯೆಲ್ಲ ಅಲ್ಲೇ ಉಣ್ಣುವುದು. ಅಷ್ಟೂ ಜನರ ಪಾತ್ರೆ ಲೊರೆಟ್‌ಳದ್ದು.

ಮೆಮೇರ್ ಬಾಗಿಲು ತೆರೆದು ನೋಡಿದಳು.

"ಏನೋ ಅದು, ಹೆಣದ ಪೆಟ್ಟಿಗೆ ಹಾಗಿದೆ?"

"ಪಾತ್ರೆ ತೊಳೆಯೋ ಮಷೀನು, ಅಮ್ಮ."

"ಪಾತ್ರೆ ತೊಳೆಯೋಕೆ ಅಂತ ಒಬ್ಬಳನ್ನ ಮದುವೆ ಮಾಡ್ಕೊಂಡಿದ್ಯಲ್ಲ, ಅವಳಿಗೇನಾಯ್ತು?"

ಅಣ್ಣಂದಿರು ನಕ್ಕರು. ಅವರು ನಕ್ಕ ರಭಸಕ್ಕೆ ಮಷೀನು ಒಂದು ಮೆಟ್ಟಿಲು ಜಾರಿತು. ಲೊರೆಟ್ ಕೂಡ ನಕ್ಕಳು. "ಅವಳಿಗೆ ಇನ್ನೊಂದು ಕೆಲಸ ಇದೆ ಮೆಮೇರ್" ಅಂದಳು.

ಆ ಇನ್ನೊಂದು ಕೆಲಸ ಬೂಟು ಕಾರ್ಖಾನೆಯಲ್ಲಿ. ಅವಳು ಒಳಗಿನ ಪದರ ಹೊಲಿಯುವವಳು, ಕೈ ಚುರುಕು. ಮದುವೆಗೆ ಮುಂಚಿನಿಂದಲೂ ಅದೇ ಕಿಟಕಿಯ ಪಕ್ಕದ ಅದೇ ಹೊಲಿಗೆ ಮಷೀನು. ಆದರೆ ಎರಡು ವರ್ಷದಿಂದ ಕೈಯ ಚರ್ಮ ಬಿರಿಯುತ್ತಿತ್ತು. ಹಗಲು ಅಂಟು, ರಾತ್ರಿ ಸಾಬೂನು ನೀರು. ಬೆರಳಿನ ಗೆಣ್ಣುಗಳಲ್ಲಿ ಸೀಳು ಬಿದ್ದು ರಕ್ತ ಜಿನುಗುತ್ತಿತ್ತು. ಹಸುವಿನ ಕೆಚ್ಚಲಿಗೆ ಹಚ್ಚುವ ಹಳದಿ ಮುಲಾಮು ಬಳಿದುಕೊಂಡು, ಅದರ ಮೇಲೆ ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ಮಲಗುತ್ತಿದ್ದಳು. ಡಾಕ್ಟರು ನೋಡಿ, ಪಾತ್ರೆ ನೀರಿಗೆ ಕೈ ಹಾಕುವುದನ್ನು ಬಿಟ್ಟರೆ ವಾಸಿಯಾಗುತ್ತೆ, ಬಿಡದಿದ್ದರೆ ಇಲ್ಲ ಅಂದಿದ್ದರು. ಕಾರ್ಖಾನೆಯ ಮೇಸ್ತ್ರಿ ಇನ್ನೂ ನೇರವಾಗಿ ಹೇಳಿದ್ದ. ಚಳಿಗಾಲದ ಕೊನೆಗೆ, ಉಪವಾಸ ಕಾಲದ ಮೊದಲ ದಿನವಾದ ಬೂದಿ ಬುಧವಾರದಿಂದ ಬಿಳಿ ಬೂಟಿನ ಕೆಲಸ ಶುರು. ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಮಕ್ಕಳ ಬೂಟು, ಹಾಲಿನಂಥ ಚರ್ಮ. ಹಿಂದಿನ ವರ್ಷ ಅವಳ ಕೈಯ ರಕ್ತದ ಚುಕ್ಕೆ ಬಿದ್ದು ಒಂದಷ್ಟು ಜೊತೆ ಎಸೆಯಬೇಕಾಯಿತು. "ಆ ಬುಧವಾರ ನಿನ್ನ ಕೈ ನೋಡ್ತೀನಿ. ವಾಸಿ ಆಗಿದ್ರೆ ನಿನ್ನ ಜಾಗ ನಿಂದು. ಇಲ್ಲಾಂದ್ರೆ ಬೇರೆಯವಳನ್ನ ಕೂರಿಸ್ತೀನಿ" ಅಂದಿದ್ದ.

ಅದಕ್ಕೇ ಲೊರೆಟ್ ಆ ಮಷೀನು ತಂದದ್ದು. ನದಿಯಾಚೆ ಯಾರದೋ ದೊಡ್ಡ ಮನೆ ಖಾಲಿ ಮಾಡುವಾಗ, ತನ್ನ ಸಂಬಳದಲ್ಲಿ. ಬೆಳ್ಳಗಿನ ಪೆಟ್ಟಿಗೆ, ಅಡಿಯಲ್ಲಿ ಚಕ್ರ, ತಲೆಯ ಮೇಲೆ ತರಕಾರಿ ಹೆಚ್ಚಲು ಮರದ ಹಲಗೆ. ಊಟವಾದ ಮೇಲೆ ಅದನ್ನು ಸಿಂಕಿನ ಹತ್ತಿರ ಉರುಳಿಸಿ, ಕೊಳವೆಯ ತುದಿಯನ್ನು ನಲ್ಲಿಯ ಮೂತಿಗೆ ಒತ್ತಿದರೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಬಿಸಿನೀರಿನ ನಲ್ಲಿ ಪೂರ್ತಿ ತಿರುಗಿಸಿ ಗುಂಡಿ ತಿರುಗಿಸಬೇಕು. ಅಷ್ಟೇ.

ಮೊದಲ ರಾತ್ರಿ ನಾವು ಮೂವರೂ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು. ಒಳಗೆ ನೀರು ಬೀಸಿ ಹೊಡೆಯುವ ಸದ್ದು. ಲೊರೆಟ್ ಕೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಿದ್ದಳು. "ಸುಮ್ನೆ ಕೂತ್ಕೊಳ್ಳೋದು ಹೀಗಿರುತ್ತಾ ಒವಿಲಾ ಮಾಮ" ಅಂದಳು.

ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ನೀರು ತುಂಬುವುದು ಕಡಿಮೆಯಾಯಿತು.

ನನ್ನ ಮನೆಯ ಮಾಡೇ ಅವರ ನೆಲ. ಹಾಗಾಗಿ ನನಗೆ ಕೂತಲ್ಲೇ ಕೇಳಿಸುತ್ತಿತ್ತು. ನೀರು ತುಂಬಿದ ಮಷೀನು ಮಳೆ ಸುರಿದ ಹಾಗೆ ಒಂದೇ ಸಮ ಸದ್ದು ಮಾಡುತ್ತದೆ. ನೀರು ಸಾಲದಿದ್ದರೆ ಕೆಮ್ಮುತ್ತದೆ, ಸ್ವಲ್ಪ ಬೀಸುತ್ತದೆ, ಮತ್ತೆ ಕೆಮ್ಮುತ್ತದೆ. ಆ ರಾತ್ರಿ ಅದು ಕೆಮ್ಮಿತು. ಬಾಗಿಲು ತೆರೆದರೆ ತಟ್ಟೆಗಳ ಮೇಲೆ ಹಂದಿಮಾಂಸದ ಪೈಯ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಲೊರೆಟ್ ಅಂಗಿಯ ತೋಳು ಮಡಿಸಿಕೊಂಡು ಎಲ್ಲವನ್ನೂ ಮತ್ತೆ ಕೈಯಲ್ಲಿ ತೊಳೆದಳು.

ನಮ್ಮ ಕೇರಿಯಲ್ಲಿ ರಿಪೇರಿಯವನನ್ನು ಕರೆಯುವ ಪದ್ಧತಿ ಇಲ್ಲ. ಇನ್ನೊಬ್ಬ ಗಂಡಸು ಬಂದು ತನ್ನ ಮನೆಯ ನಲ್ಲಿ ಮುಟ್ಟಿದ ಅಂದರೆ ಆ ವಾರ ಚರ್ಚಿನ ಮೆಟ್ಟಿಲ ಮೇಲೆ ತಲೆ ಎತ್ತುವ ಹಾಗಿಲ್ಲ. ಕ್ಲೊವಿಸ್‌ಗಂತೂ ಅದು ಇನ್ನೂ ಹೆಚ್ಚು. ಬಟ್ಟೆ ಚಲುವೆ ಮಾಡುವ ಗಿರಣಿ ಮುಚ್ಚಿದ ಮೇಲೆ ಅವನಿಗೆ ಕೆಲಸ ಇರಲಿಲ್ಲ, ಅಲ್ಲಿ ಇಲ್ಲಿ ಹಿಮ ಎತ್ತುವುದು ಬಿಟ್ಟರೆ. ಹಾಗಾಗಿ ಭಾನುವಾರ ಮಧ್ಯಾಹ್ನ ಮಷೀನನ್ನು ಮಗ್ಗುಲಾಗಿ ಮಲಗಿಸಿ, ಹಳೇ ಪತ್ರಿಕೆ ಹಾಸಿ, ತಿರುಪುಳಿ ಹಿಡಿದು ಕೂತ. ಬ್ಯಾಟರಿ ಹಿಡಿಯಲು ನಾನು.

"ಕೊಳವೆ ಮಡಚ್ಕೊಂಡಿದೆ, ನೋಡಿ" ಅಂದ. ನೆಟ್ಟಗೆ ಮಾಡಿದ. ಸಂಜೆ ಮಷೀನು ಕೆಮ್ಮಿತು.

ಮುಂದಿನ ಭಾನುವಾರ ನಲ್ಲಿಗೆ ಕಚ್ಚುವ ಮೂತಿಯೊಳಗಿನ ಜಾಲರಿ ತೆಗೆದು ವಿನೆಗರಿನಲ್ಲಿ ನೆನೆಹಾಕಿದ. ಆಮೇಲೆ ಒಳಗಿನ ತೇಲು ಬಿರಡೆಯನ್ನು ನೋಡಿದ. ನೀರು ಹೆಚ್ಚಾದರೆ ಅದು ಮೇಲೆದ್ದು ನೀರು ನಿಲ್ಲಿಸಬೇಕು. ಜಿಡ್ಡು ಕಟ್ಟಿ ಮೇಲೆಯೇ ಸಿಕ್ಕಿಕೊಂಡರೆ ನೀರು ಬರುವುದೇ ಇಲ್ಲ. ಅದು ಬೆರಳು ತಾಗಿಸಿದರೆ ಸಲೀಸಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ಆಮೇಲೆ ನೀರು ಒಳಗೆ ಬರುವ ಬಾಯಿಯ ಜಾಲರಿ. ಅಲ್ಲಿ ಸ್ವಲ್ಪ ತುಕ್ಕಿನ ಮರಳು ಸಿಕ್ಕಿತು. ಕ್ಲೊವಿಸ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಲೊರೆಟ್‌ಗೆ ತೋರಿಸಿದ, ತೆಗೆದ ಹಲ್ಲನ್ನು ತೋರಿಸುವ ಹಾಗೆ.

"ಸಿಕ್ತಲ್ಲ ಕಳ್ಳ" ಅಂದ.

ಆ ಸಂಜೆಯೂ ಕೆಮ್ಮು.

"ನೀನು ತಟ್ಟೆ ಜಾಸ್ತಿ ತುರುಕ್ತೀಯ" ಅಂದ ಕ್ಲೊವಿಸ್.

"ತಟ್ಟೆ ಜಾಸ್ತಿ ಆದ್ರೆ ನೀರು ಯಾಕೆ ಕಡಿಮೆ ಬರುತ್ತೆ?"

"ಬಂದ ನೀರು ಎಲ್ಲದಕ್ಕೂ ಸಾಲಬೇಕಲ್ಲ. ನಿಂಗೆ ಮಷೀನ್ ವಿಚಾರ ಗೊತ್ತಾಗಲ್ಲ ಬಿಡು."

"ನಾನು ದಿನಾ ಕೂರೋದು ಮಷೀನ್ ಮುಂದೇನೇ" ಅಂದಳು ಅವಳು. ಕೂಗಲಿಲ್ಲ. ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಂಡಳು.

ಇಷ್ಟು ಹೇಳಬೇಕು: ಆ ಹಳೆಯ ಮಷೀನಿಗೆ ಎಷ್ಟು ನೀರು ಬಂತು ಅನ್ನುವುದು ಗೊತ್ತಾಗುವುದಿಲ್ಲ. ಗುಂಡಿ ತಿರುಗಿಸಿದರೆ ಇಷ್ಟು ಹೊತ್ತು ಅಂತ ಬಾಯಿ ತೆರೆದಿರುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಬಂದದ್ದು ಬಂತು. ನಲ್ಲಿಯ ನೀರು ಸಣ್ಣಗಿದ್ದರೆ ಅರ್ಧ ಹೊಟ್ಟೆಯಲ್ಲೇ ತೊಳೆಯಲು ಹೊರಡುತ್ತದೆ. ನಲ್ಲಿಯ ನೀರು ಸಣ್ಣಗಿದೆ ಅನ್ನುವುದು ನಮಗೆಲ್ಲ ಕಾಣುತ್ತಿತ್ತು. ಆದರೆ ಚಳಿಗಾಲದಲ್ಲಿ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ಡಿಸೆಂಬರ್ ಬಂತೆಂದರೆ ಪೈಪು ಹೆಪ್ಪುಗಟ್ಟದಿರಲಿ ಅಂತ ಕೇರಿಯ ಪ್ರತಿ ಮನೆಯಲ್ಲೂ ಸಂಜೆಯಿಂದ ನಲ್ಲಿಯನ್ನು ದಾರದಷ್ಟು ಬಿಟ್ಟಿರುತ್ತಾರೆ. ಇಡೀ ಕೇರಿಯೇ ಸೋರುತ್ತಿರುವಾಗ ಮೇಲಿನ ಮನೆಗೆ ನೀರು ಹತ್ತುವುದು ಕಷ್ಟವೇ. ಹಾಗಂತ ನಾನೂ ಅಂದೆ, ಲೊರೆಟ್ ಕೂಡ ಒಪ್ಪಿದಳು.

ಕ್ರಿಸ್‌ಮಸ್‌ಗೆ ಮುಂಚಿನ ಒಂದು ಸಂಜೆ ಕ್ಲೊವಿಸ್ ಬಾಯ್ಲರ್ ನೋಡಿ ಬರುತ್ತೇನೆಂದು ನೆಲಮಾಳಿಗೆಗೆ ಇಳಿದ. ಅದು ಮೆಮೇರ್‌ಳ ರಾಜ್ಯ. ಬೆಳಗಿನ ಪೂಜೆಗೆ ಹೋಗುವ ಮುಂಚೆ ಇಳಿದು ಬಾಯ್ಲರಿಗೆ ಸೌದೆ ಹಾಕುವಳು, ಸಂಜೆ ಮತ್ತೆ ಇಳಿದು ಸೌದೆ ಹಾಕಿ, ನಾಳೆಗೆ ಆಲೂಗಡ್ಡೆ ಎತ್ತಿಕೊಂಡು ಬರುವಳು. ಬೇರೆಯವರು ಇಳಿದರೆ ಬೈಗುಳ. ಕ್ಲೊವಿಸ್ ಇಳಿದವನು ಬಹಳ ಹೊತ್ತಾದ ಮೇಲೆ ಬಂದ. "ಬಾಯ್ಲರ್ ಸರಿಯಾಗಿದೆ" ಅಂದ. ಸ್ವಲ್ಪ ಹೊತ್ತು ಕಿಟಕಿಯಿಂದ ಕಾಲುವೆ ನೋಡುತ್ತಾ ನಿಂತಿದ್ದು, ಮತ್ತೆ ಮಷೀನಿನ ಹೊಟ್ಟೆ ಬಿಚ್ಚಿದ. ಅವತ್ತು ಭಾನುವಾರವೂ ಅಲ್ಲ.

ಜನವರಿ ಹಾಗೇ ಕಳೆಯಿತು. ಲೊರೆಟ್‌ಳ ಕೈ ಕೆಟ್ಟಿತು. ಬಟಾಣಿ ಸೂಪು ಬಡಿಸುವಾಗ ಸೌಟನ್ನು ಹೆಬ್ಬೆರಳು ಬಳಸದೆ ಹಿಡಿಯುವುದನ್ನು ಕಲಿತಿದ್ದಳು. ರಬ್ಬರ್ ಕೈಗವಸು ಹಾಕಿ ನೋಡಿದಳು, ಒಳಗೆ ಬೆವೆತು ಸೀಳು ಇನ್ನೂ ಆಳವಾಯಿತು. "ಕ್ಲೊವಿಸ್, ಒಂದು ತಿಂಗಳು ನೀನು ತೊಳಿ" ಅಂದಳು ಒಂದು ದಿನ. ಅಣ್ಣಂದಿರು ಅಲ್ಲೇ ಇದ್ದರು. ಒಬ್ಬ ಎದ್ದು ಅವಳ ಏಪ್ರನ್ನನ್ನು ಕ್ಲೊವಿಸ್‌ಗೆ ಕಟ್ಟಲು ಹೋದ. ಎಲ್ಲರೂ ನಕ್ಕರು. ಕ್ಲೊವಿಸ್ ಏಪ್ರನ್ ಕಿತ್ತು ಕುರ್ಚಿಯ ಮೇಲೆ ಎಸೆದ. "ಮಷೀನು ಸರಿಮಾಡ್ತಿದ್ದೀನಲ್ಲ" ಅಂದ. ಅವಳು ಮತ್ತೆ ಕೇಳಲಿಲ್ಲ. ನಾನು ನನ್ನ ತಟ್ಟೆಯನ್ನು ನನ್ನ ಮನೆಗೆ ಒಯ್ದು ತೊಳೆದು ತರುತ್ತಿದ್ದೆ. ಒಂದು ತಟ್ಟೆಯಿಂದ ಏನಾಗುತ್ತದೆ.

ಫೆಬ್ರವರಿ ಎರಡು ಮೇಣದಬತ್ತಿ ಹಬ್ಬ. ಬೆಳಿಗ್ಗೆ ಮೆಮೇರ್ ಹರಸಿದ ಮೇಣದಬತ್ತಿ ತರಲು ಹೋದವಳು ಚರ್ಚಿನ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಪಾದದ ಗಂಟು ಮುರಿದುಕೊಂಡಳು. ಆಸ್ಪತ್ರೆಗೆ ಸೇರಿಸಿದರು.

ಆ ಸಂಜೆ ನಾನು ಕೂತಲ್ಲೇ ತಲೆ ಎತ್ತಿದೆ. ಮೇಲೆ ಮಳೆ ಸುರಿಯುತ್ತಿತ್ತು. ಒಂದೇ ಸಮ.

ಓಡಿ ಹತ್ತಲು ನನ್ನ ಮಂಡಿಗೆ ಆಗುವುದಿಲ್ಲ, ನಿಧಾನವಾಗಿ ಹತ್ತಿದೆ. ಲೊರೆಟ್ ಮಷೀನಿನ ಮೇಲಿನ ಹಲಗೆಗೆ ಕೆನ್ನೆ ಒತ್ತಿಕೊಂಡು ಕೇಳುತ್ತಿದ್ದಳು. ಬಾಗಿಲು ತೆರೆದಾಗ ಹಬೆ ಎದ್ದಿತು. ತಟ್ಟೆಗಳು ಮುಟ್ಟಲಾರದಷ್ಟು ಬಿಸಿ.

"ಮೊನ್ನೆ ಜಾಲರಿ ಬದಲಾಯಿಸಿದ್ನಲ್ಲ, ಅದೇ" ಅಂದ ಕ್ಲೊವಿಸ್. ನನ್ನ ಕಡೆ ನೋಡದೆ ಅಂದ.

"ನನ್ನ ಗಂಡ ಕಣ್ರೀ" ಅಂದಳು ಲೊರೆಟ್ ನನಗೆ, ಅವನ ಕುತ್ತಿಗೆಗೆ ಕೈ ಹಾಕಿ. ಅವನು ಆ ಕೈಯನ್ನು ಮೆಲ್ಲಗೆ ತೆಗೆದು, ಬೆರಳುಗಳನ್ನು ನೋಡಿ, ಹಾಗೇ ಕೆಳಗೆ ಬಿಟ್ಟ.

ಮೆಮೇರ್ ಆಸ್ಪತ್ರೆಯಲ್ಲಿದ್ದಷ್ಟು ದಿನ ಮಷೀನು ತುಂಬಿತು. ಲೊರೆಟ್ ನೀರು ಮುಟ್ಟಲಿಲ್ಲ. ಸೀಳುಗಳ ಅಂಚು ಒಣಗಿ, ಒಳಗಿನಿಂದ ಗುಲಾಬಿ ಬಣ್ಣದ ಹೊಸ ಚರ್ಮ ಬರತೊಡಗಿತು. ಊಟಕ್ಕೆ ಕೂತಾಗ ಕೈ ಚಾಚಿ ನನಗೆ ತೋರಿಸುವಳು. "ಹೆಬ್ಬೆರಳು ಮುಚ್ಚಿಕೊಳ್ತು ಮಾಮ. ಇನ್ನು ಈ ಎರಡು ಅಷ್ಟೇ." ಮೇಸ್ತ್ರಿಯೂ ನೋಡಿ ತಲೆಯಾಡಿಸಿದ್ದನಂತೆ. ಬೂದಿ ಬುಧವಾರದೊಳಗೆ ಆಗುತ್ತೆ ಅಂದುಕೊಂಡೆವು.

ಆಮೇಲೆ ಮೆಮೇರ್‌ಳನ್ನು ಮನೆಗೆ ಕರೆತಂದರು. ಕಾಲಿಗೆ ಮಂಡಿಯವರೆಗೂ ಪ್ಲಾಸ್ಟರ್. ಒಲೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿಂದ ಮಂಚ, ಮಂಚದಿಂದ ಕುರ್ಚಿ, ಅಷ್ಟೇ ಆಕೆಯ ಓಡಾಟ, ಅದೂ ಇಬ್ಬರು ಹಿಡಿದುಕೊಂಡರೆ. ನೆಲಮಾಳಿಗೆಯ ಬಾಯ್ಲರ್ ಆಕೆ ಬಿದ್ದ ದಿನದಿಂದಲೇ ಕ್ಲೊವಿಸ್‌ನ ಪಾಲಿಗೆ ಬಂದಿತ್ತು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಲೊರೆಟ್ ಕಾರ್ಖಾನೆಯಿಂದ ಬಂದವಳು ನೇರ ಮೆಮೇರ್‌ಳ ಮನೆಗೆ ಹೋಗಿ ಅವಳ ಹಾಸಿಗೆ ಬದಲಿಸಿ, ಆಮೇಲೆ ಮೇಲೆ ಹತ್ತುವಳು.

ಮಷೀನು ಮತ್ತೆ ಕೆಮ್ಮಲು ಶುರುಮಾಡಿತು.

ಕ್ಲೊವಿಸ್ ತಿರುಪುಳಿ ತಂದ. ನಾನು ಬ್ಯಾಟರಿ ಹಿಡಿದೆ. ಹೊಸ ಚರ್ಮಕ್ಕೆ ಹಳೆಯದರಷ್ಟೂ ತಾಳ್ಮೆ ಇರಲಿಲ್ಲ, ಮೊದಲ ರಾತ್ರಿಯ ಸಾಬೂನಿಗೇ ಬಿರಿಯಿತು.

ಬೂದಿ ಬುಧವಾರ ಬೆಳಿಗ್ಗೆ ಅವಳು ಪೂಜೆಗೆ ಹೋಗಿ, ಹಣೆಗೆ ಬೂದಿ ಹಚ್ಚಿಸಿಕೊಂಡು, ಅಲ್ಲಿಂದ ಕಾರ್ಖಾನೆಗೆ ಹೋದಳು. ಮಧ್ಯಾಹ್ನವೇ ಹಿಂದೆ ಬಂದಳು. ಮೆಟ್ಟಿಲ ಮೇಲೆ ನಾನು ಎದುರಾದೆ.

"ಏನಂದ?"

"ಏನೂ ಅನ್ನಲಿಲ್ಲ ಮಾಮ. ಕೈ ತೋರ್ಸು ಅಂದ, ತೋರಿಸ್ದೆ. ಆ ಫೂರ್ನಿಯೆ ಮನೆ ಹುಡುಗಿ ಆಗ್ಲೇ ನನ್ನ ಮಷೀನ್ ಪಕ್ಕ ನಿಂತಿದ್ಲು, ಕುರ್ಚಿ ಕೂಡ ತನ್ನ ಎತ್ತರಕ್ಕೆ ಮಾಡ್ಕೊಂಡಿದ್ಲು." ಹಣೆಯ ಮೇಲಿನ ಬೂದಿ ಬೆವರಿಗೆ ಹುಬ್ಬಿನವರೆಗೂ ಇಳಿದಿತ್ತು. "ಅವನನ್ನ ಬೈಯೋಕಾಗಲ್ಲ. ಬಿಳಿ ಬೂಟು."

ಮೇಲೆ ಹೋದಳು. ನಾನು ನನ್ನ ಮನೆಗೆ ಬಂದು ಕೂತೆ. ಬೆಳಗಿನ ಪಾತ್ರೆ ಇನ್ನೂ ಸಿಂಕಿನಲ್ಲಿ ಇದ್ದಿರಬೇಕು, ಮಷೀನು ಉರುಳಿಸುವ ಸದ್ದು ಕೇಳಿತು, ಟಕ್ ಅಂತ ಕಚ್ಚಿಕೊಂಡದ್ದು ಕೇಳಿತು. ಆಮೇಲೆ ಮಳೆ. ಪೂರ್ತಿ, ದಟ್ಟ ಮಳೆ.

ಹಗಲು ಹೊತ್ತಿನಲ್ಲಿ ಅವಳು ಆ ಮಷೀನು ಹಾಕಿದ್ದು ಅದೇ ಮೊದಲು. ವಾರದ ದಿನ ಹಗಲೆಲ್ಲ ಅವಳು ಕಾರ್ಖಾನೆಯಲ್ಲಿ. ಭಾನುವಾರದ ಪಾತ್ರೆ ಕೂಡ ಕೊನೆಯ ನೆಂಟ ಹೋದ ಮೇಲೆ, ಸಂಜೆಯೇ.

ಸಂಜೆ ಅದೇ ಮಷೀನು ಕೆಮ್ಮಿತು.

ಮಾರನೆಯ ದಿನ ಮಧ್ಯಾಹ್ನ ಮೇಲೆ ಹೋದಾಗ ಅವಳ ತುಟಿ ಅಲ್ಲಾಡುವುದನ್ನು ನಾನು ಕಂಡೆ. ಸೂಪಿನ ದೊಡ್ಡ ಪಾತ್ರೆಯನ್ನು ಬಿಸಿನೀರಿನ ನಲ್ಲಿಯ ಕೆಳಗಿಟ್ಟು 'ನಮೋ ಮರಿಯಾ' ಹೇಳುತ್ತಿದ್ದಳು. ನಮ್ಮ ಹೆಂಗಸರು ಅಡುಗೆಮನೆಯಲ್ಲಿ ಗಡಿಯಾರ ನೋಡುವುದಿಲ್ಲ. ಮೊಟ್ಟೆ ಬೇಯಲು ಇಷ್ಟು ಪ್ರಾರ್ಥನೆ, ಬಟಾಣಿ ಕುದಿ ಬರಲು ಇಷ್ಟು ಪ್ರಾರ್ಥನೆ. ಮಧ್ಯಾಹ್ನ ಒಂದು ಪ್ರಾರ್ಥನೆ ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಪಾತ್ರೆ ತುಂಬಿತು. ಸಂಜೆ, ಕ್ಲೊವಿಸ್ ಬಾಯ್ಲರ್ ನೋಡಿ ಬಂದು ಅಣ್ಣನ ಮನೆಗೆ ಹೋದ ಮೇಲೆ, ಅದೇ ಪಾತ್ರೆಯನ್ನು ಅದೇ ನಲ್ಲಿಗೆ ಹಿಡಿದಳು. ಜಪಮಾಲೆಯ ಒಂದು ದಶಕ, ಅಂದರೆ ಹತ್ತು ಪ್ರಾರ್ಥನೆ, ಪೂರ್ತಿ ಹೇಳಿದರೂ ಪಾತ್ರೆ ಅರ್ಧ.

ಆ ಪಾತ್ರೆ ಎತ್ತಿಕೊಂಡು ನನ್ನ ಜೊತೆ ನನ್ನ ಮನೆಗೆ ಇಳಿದಳು.

"ನಿಮ್ಮ ನಲ್ಲಿ ಒಂಚೂರು ಬಿಡ್ಲಾ ಮಾಮ?"

ನನ್ನ ನಲ್ಲಿ ಧಡಧಡ ಸುರಿಯಿತು. ಒಂದೇ ಪ್ರಾರ್ಥನೆ.

"ಚಳಿ ನಿಮ್ಮನೆಗೂ ಇದೆ. ಕೇರಿ ಸೋರೋದು ನಿಮ್ಮ ನಲ್ಲಿಗೂ ಗೊತ್ತು" ಅಂದಳು. ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ಇದು ನಮ್ಮನೆಗೆ ಮಾತ್ರ ಬರೋ ರೋಗ."

ಶುಕ್ರವಾರ ಸಂಜೆ, ಕ್ಲೊವಿಸ್ ಒಂದು ಸಲ ನೆಲಮಾಳಿಗೆಗೆ ಇಳಿದು ಬಂದು ಹೊರಗಿನ ಸೌದೆ ತರಲು ಹೋದ ಮೇಲೆ, ಅವಳು ಮೇಲೆ ಮಷೀನಿಗೆ ಕೊಳವೆ ಕಚ್ಚಿಸಿ, ಗುಂಡಿ ತಿರುಗಿಸಿ, ನನ್ನನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದಳು. ಬ್ಯಾಟರಿ ನನ್ನ ಕೈಯಲ್ಲೇ. ಬಾಯ್ಲರಿನಿಂದ ಹೊರಡುವ ಬಿಸಿನೀರಿನ ಪೈಪು ಮೂರಾಗಿ ಒಡೆಯುತ್ತದೆ, ಮೂರು ಮನೆಗೆ ಮೂರು ವಾಲ್ವು. ಮೂರರ ಮೇಲೂ ವರ್ಷಗಳ ಮಸಿ. ಕೊನೆಯದರ ತಿರುಗುಣಿ ಮಾತ್ರ ಕೈ ತಾಗಿ ತಾಗಿ ಹಿತ್ತಾಳೆ ಹೊಳೆಯುತ್ತಿತ್ತು.

ಲೊರೆಟ್ ಅದನ್ನು ಹಿಡಿದು ತಿರುಗಿಸಿದಳು. ತಿರುಗಿತು. ಇನ್ನೂ ತಿರುಗಿತು. ನಮ್ಮ ತಲೆಯ ಮೇಲೆ ಪೈಪು ಗುಂಯ್ ಅಂದು, ಎರಡು ಮಹಡಿ ದಾಟಿ ಮೇಲೆ ಮಷೀನು ನೀರು ಎಳೆದುಕೊಳ್ಳುವುದು ಸಣ್ಣಗೆ ಕೇಳಿಸಿತು.

ಅವಳು ಆಲೂಗಡ್ಡೆಯ ಪೆಟ್ಟಿಗೆಯ ಮೇಲೆ ಕೂತಳು.

"ಮೆಮೇರ್" ಅಂದೆ ನಾನು. "ಸಾಯಂಕಾಲ ಆಲೂಗಡ್ಡೆ ತರೋಕೆ ಅಂತ ಇಳೀತಿದ್ಲು."

"ಹೌದು. ಬೆಳಿಗ್ಗೆ ಪೂಜೆಗೆ ಮುಂಚೆ ಬಿಚ್ಚಿಡ್ತಿದ್ರು. ಅದಕ್ಕೇ ಅವರು ಬಿದ್ದ ದಿನ ಅದು ಬಿಚ್ಚೇ ಇತ್ತು." ಅವಳು ತನ್ನ ಕೈ ನೋಡಿಕೊಂಡಳು. "ಆದ್ರೆ ಈಗ ಅವರಿಗೆ ಕುರ್ಚಿಯಿಂದ ಏಳೋಕಾಗಲ್ಲ ಮಾಮ."

ನಾನು ಬ್ಯಾಟರಿಯನ್ನು ಮತ್ತೆ ಆ ವಾಲ್ವಿನ ಕಡೆ ತಿರುಗಿಸಿದೆ.

"ನಿಮ್ಮನ್ನ ಕೇಳಲೇಬೇಕು. ನೀವಾ?"

"ಅಲ್ಲ ಮಗಳೇ."

"ಗೊತ್ತು" ಅಂದಳು. "ಕೇಳ್ದೇ ಇದ್ದಿದ್ರೆ ಇನ್ನೊಂದು ಹೆಸರು ಬೇಗ ಬಂದ್ಬಿಡ್ತಿತ್ತು."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕ್ಲೊವಿಸ್ ಎದೆಯ ತುಂಬ ಸೌದೆ ಹೊತ್ತು ಇಳಿದು ಬಂದ. ನಮ್ಮನ್ನು ನೋಡಿ ಕೊನೆಯ ಮೆಟ್ಟಿಲಲ್ಲೇ ನಿಂತ.

"ಇಲ್ಲೇನ್ ಮಾಡ್ತಿದ್ದೀರಿ ಇಬ್ರೂ?"

"ಮಷೀನು ರಿಪೇರಿ" ಅಂದಳು ಲೊರೆಟ್. "ಆಯ್ತು. ಕೇಳು, ಹೇಗೆ ತುಂಬ್ತಿದೆ."

ಮೂವರೂ ಕೇಳಿದೆವು. ಕೇಳದೇ ಇರುವ ಹಾಗೇ ಇರಲಿಲ್ಲ. ಅವನು ಸೌದೆಯನ್ನು ಒಂದೊಂದೇ ತುಂಡಾಗಿ ನೆಲಕ್ಕಿಟ್ಟ.

"ಅಮ್ಮ ಹೇಳಿದ್ಲು" ಅಂದ. "ಸ್ವಲ್ಪ ತಿರುಗಿಸು, ಸಾಯಂಕಾಲ ಮಾತ್ರ ಅಂತ. ಕಾಲು ಮುರ್ಕೊಂಡು ಕೂತಿರೋಳ ಹತ್ರ ಎದುರು ಮಾತಾಡ್ಲಾ?"

"ಕಾಲು ಮುರಿಯೋ ಮುಂಚೆ?"

"ಅದು ನಾನಲ್ಲ."

"ನೀನು ಅಂತ ಅನ್ನಲಿಲ್ಲ. ಗೊತ್ತಿತ್ತಾ ಅಂತ ಕೇಳ್ದೆ."

ಬಾಯ್ಲರಿನೊಳಗೆ ಒಂದು ಕೊರಡು ಕುಸಿಯಿತು.

"ಕ್ರಿಸ್‌ಮಸ್ ಮುಂಚೆ ಒಂದಿನ ನೋಡ್ದೆ" ಅಂದ. "ತಿರುಗಿಸ್ತಾ ಇದ್ಲು. ನಿನ್ನ ಹೆಂಡ್ತಿಗೆ ಹೇಳಿದ್ರೆ ಈ ಮನೆ ಮೆಟ್ಟಿಲು ಹತ್ತಬೇಡ ಅಂದ್ಲು. ನಾನೇನ್ ಮಾಡ್ಲಿ, ಲೊರೆಟ್? ಇರೋದು ಅವಳ ಮನೇಲಿ."

"ಆಮೇಲೂ ವಾರ ವಾರ ಅದನ್ನ ಅಡ್ಡ ಕೆಡವಿ ಬಿಚ್ತಿದ್ಯಲ್ಲ. ಜಾಲರಿ ತೊಳೆದು ನನ್ನ ಕೈಲಿಟ್ಟು, ನೋಡು ಎಷ್ಟು ಕ್ಲೀನು ಅಂತಿದ್ಯಲ್ಲ. ಈ ಮುದುಕರನ್ನ ತಣ್ಣನೆ ನೆಲದ ಮೇಲೆ ಕೂರಿಸಿ ಬ್ಯಾಟರಿ ಹಿಡಿಸ್ತಿದ್ಯಲ್ಲ."

"ಏನಾದ್ರೂ ಮಾಡ್ತಾ ಇರ್ಬೇಕಿತ್ತಲ್ಲ" ಅಂದ ಕ್ಲೊವಿಸ್. "ಸುಮ್ನೆ ಕೂತಿದ್ರೆ ನಿಂಗೆ ಬೇಜಾರಾಗ್ತಿತ್ತು."

ಲೊರೆಟ್ ನಕ್ಕಳು. ಆ ನಗೆ ನನಗೆ 'ಹೆಣದ ಪೆಟ್ಟಿಗೆ'ಯ ದಿನದ ನಗೆಯನ್ನು ನೆನಪಿಸಿತು, ಹೋಲಿಕೆ ಏನೂ ಇರದಿದ್ದರೂ. ಎದ್ದು, ಅವನ ಪಕ್ಕದಿಂದ ಮೆಟ್ಟಿಲು ಹತ್ತಿ ಹೋದಳು. ಕ್ಲೊವಿಸ್ ಬಾಯ್ಲರಿಗೆ ಸೌದೆ ಹಾಕಿದ. ವಾಲ್ವಿನ ಕಡೆ ಒಂದು ಸಲ ನೋಡಿ ಹಾಗೇ ಬಿಟ್ಟ.

ಅವಳು ಆಗಲೇ ಹೊರಡುತ್ತಾಳೆ ಅಂದುಕೊಂಡಿದ್ದೆ. ಹೊರಡಲಿಲ್ಲ. ಮೆಮೇರ್‌ಳ ಪ್ಲಾಸ್ಟರ್ ತೆಗೆಯಲು ಇನ್ನೂ ದಿನವಿತ್ತು, ಆಕೆಯನ್ನು ಎತ್ತಿ ಕೂರಿಸಲು ಮನೆಯಲ್ಲಿ ಬೇರೆ ಹೆಂಗಸಿರಲಿಲ್ಲ. ಸೊಸೆಯಂದಿರು ಇನ್ನೂ ಇಬ್ಬರಿದ್ದರು, ಭಾನುವಾರ ಉಣ್ಣಲು ಮಾತ್ರ ಬರುವವರು. ಲೊರೆಟ್ ದಿನವೂ ಇಳಿದು ಬಂದು ಆಕೆಗೆ ಊಟ ಕೊಟ್ಟಳು, ಮೈ ಒರೆಸಿದಳು. ಒಂದು ಶನಿವಾರ ನಾನು ಅಲ್ಲಿ ಸೌದೆ ಇಳಿಸುತ್ತಿದ್ದೆ. ಪರದೆಯ ಹಿಂದೆ ಅವಳು ಮೆಮೇರ್‌ಳ ಬೆನ್ನು ತೊಳೆಯುತ್ತಿದ್ದಳು.

"ಬಿಸಿ ಸಾಕಾ ಮೆಮೇರ್? ಬೇಕಾದ್ರೆ ಇನ್ನೂ ತರ್ತೀನಿ. ಈ ಮನೇಲಿ ಬಿಸಿನೀರಿಗೇನು ಬರ."

ಬಟ್ಟೆ ಹಿಂಡುವ ಸದ್ದು ಕೇಳಿತು.

"ಗಿರಣಿಯಿಂದ ಬಂದು ಹನ್ನೊಂದು ಜನಕ್ಕೆ ತೊಳ್ದಿದೀನಿ ನಾನು" ಅಂದಳು ಮೆಮೇರ್. "ನೀರು ಕಾಯಿಸ್ಕೊಂಡು. ನಂಗ್ಯಾರೂ ಮಷೀನು ತರಲಿಲ್ಲ."

"ತರಬೇಕಿತ್ತು, ಮೆಮೇರ್."

"ನಿನ್ನ ಕೈಲಿ ಸಂಬಳ ಇದ್ದಿದ್ರೆ ಒಂದಿನ ಅವನನ್ನ ಕರ್ಕೊಂಡು ಬೇರೆ ಮನೆ ಮಾಡ್ತಿದ್ದೆ ನೀನು. ನಂಗೊತ್ತು."

"ಮಾಡಬೇಕು ಅಂತಿತ್ತು" ಅಂದಳು ಲೊರೆಟ್. "ಈಗ ಅವನನ್ನ ಕರ್ಕೊಂಡು ಹೋಗೋ ಯೋಚನೆ ಇಲ್ಲ. ತೋಳು ಎತ್ತಿ."

ಅಷ್ಟೂ ದಿನ ಮೇಲಿನ ಮನೆಗೆ ನೀರು ಪೂರ್ತಿ ಬರುತ್ತಿತ್ತು. ಮಷೀನು ಮಾತ್ರ ಗೋಡೆಯ ಪಕ್ಕ ಹಾಗೇ ನಿಂತಿತ್ತು, ಅದರ ಮರದ ಹಲಗೆಯ ಮೇಲೆ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಪಾತ್ರೆಯನ್ನು ಕೈಯಲ್ಲೇ ತೊಳೆದಳು, ಕ್ಲೊವಿಸ್ ಎದುರಿಗೇ. ಅವನು ಒಂದೆರಡು ಸಲ ಮಷೀನು ಉರುಳಿಸಿ ತಂದು ಕೊಳವೆಯನ್ನು ನಲ್ಲಿಗೆ ಕಚ್ಚಿಸಿ ನಿಂತ. ಅವಳು ಕೊಳವೆ ಬಿಡಿಸಿ, ಮತ್ತೆ ನಲ್ಲಿ ತಿರುಗಿಸಿದಳು. ಅವಳ ಕೈಯಿಂದ ಸಿಂಕಿನ ನೀರಿಗೆ ತೆಳ್ಳಗೆ ಕೆಂಪು ಬಿಡುತ್ತಿತ್ತು. ಒಮ್ಮೆ ಅವನು ಒರೆಸುವ ಬಟ್ಟೆ ಎತ್ತಿಕೊಂಡು ಪಕ್ಕ ನಿಂತು ತಟ್ಟೆ ಒರೆಸತೊಡಗಿದ. ಅವಳು ಬೇಡ ಅನ್ನಲಿಲ್ಲ. ಒರೆಸಿ ಮುಗಿದ ಮೇಲೆ, "ಇದನ್ನ ಜನವರಿಯಲ್ಲಿ ಕೇಳಿದ್ದೆ" ಅಂದಳು.

ಮೆಮೇರ್‌ಳ ಪ್ಲಾಸ್ಟರ್ ಕತ್ತರಿಸಿದ್ದು ಒಂದು ಶುಕ್ರವಾರ. ಭಾನುವಾರ ಲೆವಾಸೂರ್ ಮಂದಿಯೆಲ್ಲ ಊಟಕ್ಕೆ ಬಂದರು. ಲೊರೆಟ್ ಬಡಿಸಿದಳು. ಮೆಮೇರ್ ಕೋಲು ಊರಿಕೊಂಡು ಎರಡು ಮಹಡಿ ಹತ್ತಿ ಬಂದು ಮೇಜಿನ ತಲೆಯಲ್ಲಿ ಕೂತಳು. ಎಲ್ಲರೂ ಹೋದ ಮೇಲೆ ಲೊರೆಟ್ ಪಾತ್ರೆಗಳನ್ನು ಸಿಂಕಿನಲ್ಲಿ ಪೇರಿಸಿದಳು, ಮುಟ್ಟಲಿಲ್ಲ. ಏಪ್ರನ್ ಬಿಚ್ಚಿ ಕುರ್ಚಿಗೆ ಹಾಕಿದಳು.

ಬೆಳಿಗ್ಗೆ ಸೂಟ್‌ಕೇಸು ನಾನು ಎತ್ತಿಕೊಂಡೆ, ಅವಳ ಕೈಗೆ ಹಿಡಿಕೆ ಒತ್ತುತ್ತಿತ್ತು. ಪಕ್ಕದ ರಾಜ್ಯದ ಮ್ಯಾಂಚೆಸ್ಟರಿನಲ್ಲಿ ಅವಳ ಅಕ್ಕ ಇದ್ದಳು. ಅಲ್ಲೂ ಬೂಟು ಕಾರ್ಖಾನೆ ಇದೆ, ಅಲ್ಲಿ ಕರಿ ಬೂಟು ಮಾಡ್ತಾರಂತೆ ಅಂದಳು. ಕ್ಲೊವಿಸ್ ನೆಲಮಾಳಿಗೆಯಲ್ಲಿದ್ದ. ನಾವು ಇಳಿಯುವಾಗ ಬಾಯ್ಲರಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿತು. ಅವನು ಮೇಲೆ ಬರಲಿಲ್ಲ. ಮೆಮೇರ್‌ಳ ಕಿಟಕಿಯ ಪರದೆ ಅಲ್ಲಾಡಿತು. ಬಸ್ಸು ಬರುವವರೆಗೂ ನಾವು ಚಳಿಯಲ್ಲಿ ನಿಂತಿದ್ದೆವು, ಕಾಲುವೆಯ ಮಂಜುಗಡ್ಡೆ ಅಂಚಿನಲ್ಲಿ ಸೀಳು ಬಿಡತೊಡಗಿತ್ತು.

"ಮಷೀನು ನೀವಿಟ್ಕೊಳ್ಳಿ ಮಾಮ" ಅಂದಳು. "ನಿಮ್ಮನೆಗೆ ನೀರು ಚೆನ್ನಾಗಿ ಬರುತ್ತೆ."

ಲೊರೆಟ್ ಹೋದದ್ದು ಸೋಮವಾರ, ಮಾರ್ಚ್ ಹತ್ತೊಂಬತ್ತು, ಗಂಡಂದಿರ, ಕೆಲಸಗಾರರ ಪಾಲಕ ಸಂತ ಜೋಸೆಫರ ಹಬ್ಬದ ದಿನ.